ಹೊಂಡದ ಓಣಿಯ ಕಡೆಗಿನ ಬಾಗಿಲು

ಏಳನೆಯ ಮನೆ, ಹೊಂಡದ ಓಣಿ, ಹಿರೇಹೊಂಡ
ಫೆಬ್ರವರಿ ಮೂವತ್ತೆಂಟು, 2194

ನಿಂಬೆವ್ವನವರಿಗೆ, ನಿಮ್ಮ ಎದುರು ಮನೆಯ ಸುವ್ವಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಲೆಕೆಟ್ಟವರ ಕೆಲಸವೆಂದು ಈ ಓಲೆಯನ್ನು ಒಲೆಗೆ ಹಾಕಬೇಡಿ. ನಮ್ಮ ಕಾಲದ ಸರಕಾರ ಏಪ್ರಿಲ್ ಮತ್ತು ಮೇ ತಿಂಗಳುಗಳಿಂದ ಒಂದಷ್ಟು ದಿನ ಕಿತ್ತು ಫೆಬ್ರವರಿಗೆ ಸೇರಿಸಿತು, ಬೇಸಿಗೆ ಚಿಕ್ಕದಾಯಿತೆಂದು ಘೋಷಿಸಿತು. ಬಿಸಿಲಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಮಗೆ ಓದಲು ಬರುತ್ತದೆಂಬುದು ನನಗೆ ಗೊತ್ತು. ಪುರಸಭೆಯ ನೋಟಿಸನ್ನು ನೀವು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಓದಿದ ಮೇಲೆ ಮಡಚಿ ಅದರಿಂದಲೇ ಗಾಳಿ ಹಾಕಿಕೊಂಡದ್ದನ್ನು ನಾನು ನೋಡಿದ್ದೇನೆ.

ಹೌದು, ನೋಡಿದ್ದೇನೆ. ಕಲ್ಲಿನಾಥ ಕಟ್ಟಿಸಹೊರಟ ಹನ್ನೆರಡು ಮನೆಗಳ ಮೇಲಿನ ಆಕ್ಷೇಪಣೆ ಸಭೆಯನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದಾರೆ, ಅದು ನಮ್ಮ ಕಾಲದವರೆಗೂ ಉಳಿದುಬಂದಿದೆ. ಎಷ್ಟು ಸಲ ನೋಡಿದ್ದೇನೆಂದರೆ ಫ್ಯಾನು ಯಾವಾಗ ಕಿರುಗುಟ್ಟುತ್ತದೆ, ಯೋಜನಾಧಿಕಾರಿ ಯಾವಾಗ ಆಕಳಿಸುತ್ತಾರೆ ಎಲ್ಲ ಬಾಯಿಪಾಠ. ಪ್ರತಿ ಸಲವೂ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಮೊದಲು ನಿಮ್ಮ ದನಿಯ ಮೇಲೆ, ಆಮೇಲೆ ನಿಮಗೆ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕೊನೆಗೆ ನೀವು ಮಾತಿನ ಭರದಲ್ಲಿ ಮರೆತು ಆರಲು ಬಿಟ್ಟ ಆ ಚಹಾದ ಮೇಲೆ ಕೂಡ. ಒಬ್ಬ ಹೆಂಗಸು ಎದ್ದು ನಿಂತು ತನಗೆ ತೋಚಿದಷ್ಟು ಹೊತ್ತು ಮಾತಾಡುತ್ತಾಳೆ. ದೊಡ್ಡ ನಕ್ಷೆ ತಂದ ಮನುಷ್ಯ ಅದನ್ನು ಸುರುಳಿ ಸುತ್ತಿಕೊಂಡು ಕೇಳುತ್ತಾ ಕೂತಿರಬೇಕಾಗುತ್ತದೆ. ಇಂಥ ಭಾಗ್ಯ ಇದ್ದೂ ನೀವು ಆ ದಿನ ಮುಖ ಸಿಂಡರಿಸಿಕೊಂಡೇ ಇದ್ದಿರಿ.

ಕಲ್ಲಿನಾಥನ ತಪ್ಪೇನೆಂದು ನಿಮಗೆ ಹೇಳಬೇಕಾಗಿಲ್ಲ, ಆದರೂ ನನ್ನ ಮಾತು ಮುಂದೆ ಅರ್ಥವಾಗಲೆಂದು ನೆನಪಿಸುತ್ತೇನೆ. ಕೊಳ್ಳುವವರೆಲ್ಲ ಪೂರ್ವದ ಬಾಗಿಲು ಕೇಳುತ್ತಾರೆಂದು ಅವನು ಹನ್ನೆರಡೂ ಮನೆಗಳ ಮುಖ ಪೂರ್ವಕ್ಕೆ ಮಾಡಿದ. ವಾಸ್ತು ಸರಿಯಾಯಿತು. ಆದರೆ ನಿಮ್ಮ ಓಣಿ ಆ ಮನೆಗಳ ಪಶ್ಚಿಮಕ್ಕೆ ಇತ್ತು. ಓಣಿಯ ಪಕ್ಕದ ಆರು ಮನೆಗಳ ಬೆನ್ನು, ಬಚ್ಚಲ ಪೈಪು, ಬೋಳು ಗೋಡೆ ಇಷ್ಟೇ ನಿಮ್ಮ ಪಾಲಿಗೆ ಬರುತ್ತಿತ್ತು. ನಕ್ಷೆಯಲ್ಲಿ ಅಳತೆ ಎಲ್ಲ ಸರಿಯಿದೆ, ರಸ್ತೆ ಅಗಲ ಸರಿಯಿದೆ, ಬಿಡಬೇಕಾದ ಜಾಗ ಬಿಟ್ಟಿದ್ದಾರೆ ಎಂದು ಅಧಿಕಾರಿ ನಿಮಗೆ ತಾಳ್ಮೆಯಿಂದ ತಿಳಿಸಿದರು. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಕಲ್ಲಿನಾಥ, ಹೊಸ ಮನೆ ಕಂಡು ಈ ಅವ್ವನಿಗೆ ಹೊಟ್ಟೆಕಿಚ್ಚು, ಮತ್ತೇನಿಲ್ಲ ಎಂದ. ನಾಲ್ಕು ಜನ ನಕ್ಕರು. ನೀವು ತಿರುಗಿ ಅವನನ್ನು ನೋಡಿದಿರಿ.

"ಹೂಂನಪಾ, ಹೊಟ್ಟಿಕಿಚ್ಚ ಐತಿ. ಇಲ್ಲಂತ ಯಾಕ ಸುಳ್ಳ ಹೇಳಲಿ? ಎದುರು ಮನಿಯವರ ಮಾರಿ ಕಂಡ್ರ ಹೊಟ್ಟಿಕಿಚ್ಚ ಪಡಬಹುದು, ಜಗಳಾ ತಗೀಬಹುದು, ಪಂಚಮಿಗೆ ಉಂಡಿ ಕೊಡಬಹುದು. ನೀ ಬರೇ ಗ್ವಾಡಿ ತೋರಿಸಿದ್ರ ನಾ ಏನ್ ಮಾಡ್ಲಿ? ಗ್ವಾಡಿಗೆ ಉಂಡಿ ಕೊಡ್ಲ್ಯಾ?"

ಇಲ್ಲಿಗೆ ಚಿತ್ರ ನಿಲ್ಲುತ್ತದೆ, ಸಭೆ ಮುಂದಿನ ವಾರಕ್ಕೆ ಹೋಗುತ್ತದೆ. ನಮ್ಮ ಕಾಲದ ಅಂಚೆ ಹಿಂದಿನ ಕಾಲಕ್ಕೂ ಹೋಗುತ್ತದೆ, ಈ ಓಲೆ ಆ ನಡುವಿನ ವಾರದಲ್ಲಿ ನಿಮ್ಮ ಬಾಗಿಲ ಸಂದಿಗೆ ಬಂದು ಬೀಳುವ ಹಾಗೆ ಕಳಿಸುತ್ತಿದ್ದೇನೆ. ಎರಡನೆಯ ಸಭೆಯಲ್ಲಿ ಏನಾಗುತ್ತದೆಂದು ಮೊದಲೇ ಹೇಳಿಬಿಡುತ್ತೇನೆ: ನೀವು ಗೆಲ್ಲುತ್ತೀರಿ. ಓಣಿ ಪಕ್ಕದ ಆರು ಮನೆಗಳ ಬಾಗಿಲು ಓಣಿಯ ಕಡೆಗೆ ತಿರುಗುತ್ತದೆ. ಪಶ್ಚಿಮದ ಬಾಗಿಲೆಂದು ಆ ಮನೆಗಳನ್ನು ಬಹಳ ದಿನ ಯಾರೂ ಮೂಸಿ ನೋಡುವುದಿಲ್ಲ. ಕೊನೆಗೆ ನಿಮ್ಮ ಮನೆಗೆ ಸರಿ ಎದುರಾಗಿರುವ, ಹನ್ನೆರಡರಲ್ಲಿ ಏಳನೆಯದನ್ನು ಕಸ್ತೂರಿ ಎಂಬಾಕೆ ಕೊಳ್ಳುತ್ತಾಳೆ. ಆಕೆ ನನ್ನ ಮುತ್ತಜ್ಜಿಯ ಮುತ್ತಜ್ಜಿ. ನಾನು ಈ ಸಾಲುಗಳನ್ನು ಬರೆಯುತ್ತಿರುವುದು ನೀವು ಹೊಟ್ಟೆಕಿಚ್ಚಿನಿಂದ ತಿರುಗಿಸಿದ ಅದೇ ಬಾಗಿಲಲ್ಲಿ ಕೂತು.

ಈಗ ನಮ್ಮ ಕಾಲ ಹೇಗಿದೆ ಹೇಳುತ್ತೇನೆ, ಕೇಳಿ. ಮನೆ ಎಲ್ಲಿ ಏಳಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬುದನ್ನೆಲ್ಲ ಹೊಂದಿಸುಗ ನಿರ್ಧರಿಸುತ್ತದೆ. ಅದು ಮನುಷ್ಯನಲ್ಲ, ನಿಮ್ಮ ಕಾಲದ ಕಂಪ್ಯೂಟರಿನ ವಂಶದ್ದು. ಲಂಚ ತಿನ್ನುವುದಿಲ್ಲ, ಆಕಳಿಸುವುದಿಲ್ಲ, ತಪ್ಪು ಅಳತೆ ಹಾಕುವುದಿಲ್ಲ. ಬಿಸಿಲು ಯಾರಿಗೂ ಎದುರಿನಿಂದ ಹೊಡೆಯಬಾರದೆಂದು ಅದು ಊರಿನ ಮನೆಗಳನ್ನೆಲ್ಲ ಉತ್ತರಕ್ಕೆ ತಿರುಗಿಸಿ ಸಾಲಾಗಿ ಕೂರಿಸಿದೆ. ಸೂರ್ಯನ ಮೇಲಿನ ಭಕ್ತಿಯಿಂದ ಕಲ್ಲಿನಾಥ ಏನು ಮಾಡಹೊರಟಿದ್ದನೋ, ಸೂರ್ಯನ ಮೇಲಿನ ಭಯದಿಂದ ನಾವು ಅದನ್ನೇ ಮಾಡಿ ಮುಗಿಸಿದ್ದೇವೆ. ಪ್ರತಿಯೊಬ್ಬರ ಬಾಗಿಲ ಎದುರಿಗೂ ಇನ್ನೊಬ್ಬರ ಬೆನ್ನಿನ ಗೋಡೆ. ಅವು ಉಸಿರುಗೋಡೆಗಳು, ಅಂದರೆ ಹಗಲಿನ ಕಾವನ್ನು ಹೀರಿಕೊಂಡು ಒಳಗೆ ತಂಪು ಬಿಡುವಂಥವು. ಬೆಳಗ್ಗೆ ಊಟ, ಬಟ್ಟೆ, ಔಷಧ ಎಲ್ಲ ಸೂರಿನ ಕಿಂಡಿಯಿಂದ ಇಳಿಯುತ್ತವೆ. ಮೊಸರಿಗೆ ಹೆಪ್ಪು ಕೇಳಲು ಕೂಡ ಯಾರೂ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಸಮುದ್ರದಾಚೆಯ ಗೆಳತಿಯ ಜೊತೆ ದಿನವೂ ಮಾತಾಡುತ್ತೇನೆ, ಆದರೆ ನನ್ನ ಗೋಡೆಯಾಚೆ ಯಾರಿದ್ದಾರೆಂದು ಗೊತ್ತಿಲ್ಲ. ಒಮ್ಮೆ ಆ ಕಡೆಯಿಂದ ಯಾರೋ ಸೀನಿದರು. ಅವತ್ತೆಲ್ಲ ನನಗೆ ಹಬ್ಬವಿದ್ದಂತೆ ಇತ್ತು.

ಓಣಿಯ ಕಡೆ ಬಾಗಿಲಿರುವ ಮನೆ ಈಗ ಒಂದೇ, ನನ್ನದು. ಉಳಿದ ಐದೂ ಒಂದೊಂದಾಗಿ ಉತ್ತರಕ್ಕೆ ತಿರುಗಿದವು. ನಮ್ಮ ಮನೆತನಕ್ಕೆ ಹಟ ಜಾಸ್ತಿ, ಕಾದು ಕೆಂಡವಾಗುವ ಈ ಬಾಗಿಲನ್ನು ಬಿಟ್ಟುಕೊಡಲಿಲ್ಲ. ಹೋದ ತಿಂಗಳು ಹೊಂದಿಸುಗದಿಂದ ತಿಳಿವಳಿಕೆ ಬಂತು. ಯಾರೂ ಬಳಸದ ಜಾಗವೆಂದು ಹೊಂಡದ ಓಣಿಯೊಳಗೇ ಎಂಟು ಹೊಸ ಮನೆಗಳನ್ನು ಎಬ್ಬಿಸುತ್ತಾರಂತೆ, ನನ್ನ ಬಾಗಿಲನ್ನು ಮುಚ್ಚಿ ಉತ್ತರಕ್ಕೆ ಹೊಸದು ಕೊಡುತ್ತಾರಂತೆ. ಅದರ ಜೊತೆಯಲ್ಲೇ ಒಂದು ಮುನ್ನುತ್ತರವೂ ಬಂದಿತ್ತು. ನಾವು ಏನು ಆಕ್ಷೇಪಣೆ ಎತ್ತುತ್ತೇವೆಂದು ಹೊಂದಿಸುಗ ಮೊದಲೇ ಊಹಿಸಿ, ಮೊದಲೇ ವಿಚಾರ ಮಾಡಿ, ಮೊದಲೇ ಕೊಡುವ ಉತ್ತರಕ್ಕೆ ಆ ಹೆಸರು. ನಿಮ್ಮ ಆಕ್ಷೇಪಣೆಯನ್ನು ಸಂಪೂರ್ಣವಾಗಿ ಆಲಿಸಲಾಗಿದೆ, ತಿರಸ್ಕರಿಸಲಾಗಿದೆ ಎಂದಿತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಓದಿ ನೋಡಿದರೆ ನಾನು ಹೇಳಬೇಕೆಂದಿದ್ದದ್ದೆಲ್ಲ ಅದರಲ್ಲಿತ್ತು, ನನಗಿಂತ ಚೆನ್ನಾಗಿಯೇ ಇತ್ತು. ಅವತ್ತೇ ನಾನು ನಿಮ್ಮ ಸಭೆಯ ಚಿತ್ರವನ್ನು ಮತ್ತೆ ಹಾಕಿಕೊಂಡು, ನಿಮ್ಮ ಆರಿದ ಚಹಾ ನೋಡಿ ಅತ್ತೆ.

ಇದಿಷ್ಟೇ ಆಗಿದ್ದರೆ ನಾನು ಬರೀ ಅಸೂಯೆಪಟ್ಟು ಸುಮ್ಮನಿರುತ್ತಿದ್ದೆ. ಆದರೆ ನಿಂಬೆವ್ವನವರೇ, ನಿಮ್ಮ ಮೇಲೆ ನನಗೆ ಸಿಟ್ಟೂ ಇದೆ. ಆ ಆರು ಮನೆಗಳನ್ನು ನಿಮ್ಮ ಕಡೆ ತಿರುಗಿಸಿಕೊಂಡ ಮೇಲೆ ನೀವು ಏನು ಮಾಡುತ್ತೀರಿ ಗೊತ್ತೇ? ಕಸ್ತೂರಿ ತನ್ನ ಬಾಗಿಲಿಗೆ ಗ್ರಾನೈಟ್ ಮೆಟ್ಟಿಲು ಹಾಕಿಸುತ್ತಾಳೆ. ನೀವು ನಿಮ್ಮ ಕಟ್ಟೆ ತೊಳೆದ ನೀರನ್ನು ಅದರ ಮೇಲೆ ಹೋಗುವ ಹಾಗೆ ಚೆಲ್ಲುತ್ತೀರಿ. ಆಕೆ ಒರೆಸುತ್ತಾಳೆ, ನೀವು ಚೆಲ್ಲುತ್ತೀರಿ. ನಾಗರ ಪಂಚಮಿಗೆ ಆಕೆ ರವೆ ಉಂಡಿ ಕಳಿಸಿದರೆ ನೀವು ಶೇಂಗಾ ಉಂಡಿ ಕಳಿಸಿ, ರವೆ ಸರಿಯಾಗಿ ಹುರಿದಿಲ್ಲವೆಂದು ಓಣಿಗೆಲ್ಲ ಹೇಳಿಕೊಂಡು ಬರುತ್ತೀರಿ. ನಾಲ್ಕು ವರ್ಷ ಇದು ನಡೆಯುತ್ತದೆ. ನಮ್ಮ ಮನೆಯಲ್ಲಿ ಆ ನಾಲ್ಕು ವರ್ಷಗಳ ಕಥೆಯನ್ನು ತಲೆಮಾರುಗಳ ಕಾಲ ಹೇಳಿಕೊಂಡು ನಗುತ್ತಿದ್ದೆವು. ಅಮ್ಮ ನಿಮ್ಮ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತು ತೋರಿಸುತ್ತಿದ್ದಳು. ಅಷ್ಟೊಂದು ಬೈಗುಳ ತಿಂದ ಕಸ್ತೂರಿಯ ಮೇಲೂ ನನಗೆ ಹೊಟ್ಟೆಕಿಚ್ಚು, ಯಾಕೆಂದರೆ ನನ್ನ ಮೆಟ್ಟಿಲ ಮೇಲೆ ನೀರು ಚೆಲ್ಲುವವರು ಯಾರೂ ಇಲ್ಲ.

ಆಮೇಲೆ ನಿಮ್ಮ ಮನೆಯ ಹಿಂದೆ ಹೊಸ ರಸ್ತೆ ಬರುತ್ತದೆ. ಆ ಗ್ರಾನೈಟ್ ಮೆಟ್ಟಿಲು ದಿನಾ ಬೆಳಗಾದರೆ ಕಣ್ಣಿಗೆ ಬಿದ್ದು ನಿಮಗೆ ಸಾಕಾಗಿರುತ್ತದೆ. ನೀವು ರಸ್ತೆಯ ಕಡೆ ಹೊಸ ಬಾಗಿಲು ಇಡಿಸಿ, ಓಣಿಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿಬಿಡುತ್ತೀರಿ. ಕಸ್ತೂರಿ ಆಗ ಒಂದು ವಾರ ತವರಿಗೆ ಹೋಗಿದ್ದಳಂತೆ. ಪಂಚಮಿ ದಿನ ಮರಳಿ ಬಂದು, ಈ ಸಲ ರವೆಯನ್ನು ಕೆಂಪಗೆ ಹುರಿದು ಉಂಡಿ ಕಟ್ಟಿ, ತಟ್ಟೆ ಹಿಡಿದು ಓಣಿಗೆ ಇಳಿದರೆ ನಿಮ್ಮ ಬಾಗಿಲಿದ್ದ ಜಾಗದಲ್ಲಿ ಹಸಿ ಸಿಮೆಂಟಿನ ಗೋಡೆ ಇತ್ತು. ಆಕೆ ತಟ್ಟೆ ಹಿಡಿದುಕೊಂಡು ಗೋಡೆಯ ಎದುರು ಸ್ವಲ್ಪ ಹೊತ್ತು ನಿಂತಿದ್ದು ವಾಪಸು ಬಂದಳಂತೆ. ನಿಮ್ಮನ್ನು ನೋಡಿ ನಿಮ್ಮ ಸಾಲಿನವರೆಲ್ಲ ರಸ್ತೆಯ ಕಡೆ ತಿರುಗಿದರು. ಓಣಿ ಅಂದೇ ಮುಗಿದದ್ದು. ಹೊಂದಿಸುಗ ಈಗ ಮಾಡುತ್ತಿರುವುದು ಬರೀ ಮಣ್ಣು ಮುಚ್ಚುವ ಕೆಲಸ.

ಅದಕ್ಕೇ ಈ ಓಲೆ. ಹೊಂದಿಸುಗವನ್ನು ಕಟ್ಟಿದವರು ಒಂದೇ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಹಿಂದಿನವರು ಅನುಮೋದನೆಯಲ್ಲಿ ಹಾಕಿದ ಷರತ್ತನ್ನು ಅದು ಮೀರಲಾರದು. ಎಷ್ಟೇ ಹಳೆಯದಾಗಿರಲಿ, ಷರತ್ತು ಕಂಡರೆ ಅದರ ಕೈ ಕಟ್ಟಿದಂತೆ. ಆರು ಮನೆಗಳ ಮುಖ ಓಣಿಗಿರಲಿ ಎಂದು ನಿಮ್ಮ ಕಾಲದ ಆದೇಶದಲ್ಲಿದೆ, ಆದರೆ ಎಲ್ಲಿಯವರೆಗೆ ಎಂದಿಲ್ಲ, ಎದುರು ಸಾಲಿನ ಮಾತೂ ಇಲ್ಲ; ಆ ಸಂದಿಯಲ್ಲೇ ಅದು ಉಳಿದ ಐದು ಮನೆಗಳನ್ನು ತಿರುಗಿಸಿದ್ದು. ಮುಂದಿನ ವಾರ ಸಭೆಗೆ ಹೋದಾಗ ಒಂದು ಸಾಲು ಸೇರಿಸಲು ಹಟ ಹಿಡಿಯಿರಿ: ಹೊಂಡದ ಓಣಿಯ ಎರಡೂ ಬದಿಯ ಮನೆಗಳ ಬಾಗಿಲು ಎಂದೆಂದಿಗೂ ಓಣಿಗೇ ತೆರೆದಿರತಕ್ಕದ್ದು. ಎರಡೂ ಬದಿ ಎಂದರೆ ನಿಮ್ಮ ಮನೆಯೂ ಬಂತು. ರಸ್ತೆ ಬಂದಾಗ ಆ ಕಡೆ ತಿರುಗುವ ಅವಕಾಶವನ್ನು ನೀವು ಇವತ್ತೇ ಬಿಟ್ಟುಕೊಡಬೇಕಾಗುತ್ತದೆ. ಇದು ಸಣ್ಣ ಮಾತಲ್ಲ ಎಂದು ಬಲ್ಲೆ. ನಾನು ಹೊಟ್ಟೆಕಿಚ್ಚುಪಡುವ ಹೆಂಗಸಿನ ಮುಂದೆಯೇ ಸೆರಗೊಡ್ಡಿ ಬೇಡುವುದು ನನಗೂ ಸಣ್ಣ ಮಾತಲ್ಲ.

ನೀವು ಈ ಸಾಲು ಬರೆಸಿದರೆ ನನಗೆ ಹೇಗೆ ತಿಳಿಯುತ್ತದೆ? ಓಲೆ ಹೊರಟ ಮೇಲೆ ನಾನು ಎದ್ದು ಬಾಗಿಲು ತೆರೆಯುತ್ತೇನೆ. ಎದುರಿಗೆ ನಿಮ್ಮ ಹಳೆಯ ಕಟ್ಟೆ ಇನ್ನೂ ಇದೆ, ಅದರ ಹಿಂದೆ ಇಟ್ಟಿಗೆ ಕಟ್ಟಿದ ಬಾಗಿಲಿನ ಗುರುತೂ ಇದೆ. ಅಲ್ಲಿ ಯಾರಾದರೂ ನಿಮ್ಮ ವಂಶದ ಹೆಂಗಸು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿದರೆ ಸಾಕು, ಗೊತ್ತಾಗುತ್ತದೆ. ಉಂಡಿ ನಾನು ಈಗಲೂ ಕಟ್ಟುತ್ತೇನೆ. ಕಟ್ಟಿ ನಾನೇ ತಿನ್ನುತ್ತೇನೆ. ರವೆ ಹುರಿದದ್ದು ಕಡಿಮೆಯಾಯಿತೆಂದು ಹೇಳುವವರು ಈವರೆಗೆ ಸಿಕ್ಕಿಲ್ಲ.

ಮೆಟ್ಟಿಲು ಆಕೆ ಹಾಕಿಸಿಯೇ ಹಾಕಿಸುತ್ತಾಳೆ, ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ನೋಡಿದಾಗ ಹೊಟ್ಟೆ ಉರಿದರೆ ಉರಿಯಲಿ, ನೀರು ಚೆಲ್ಲಿ, ಬೈಯಿರಿ. ಬಾಗಿಲು ಮಾತ್ರ ಮುಚ್ಚಬೇಡಿ, ಅವ್ವಾ.

ನಿಮ್ಮ ಎದುರು ಮನೆಯವಳು,
ಸುವ್ವಿ