ಬೊಚ್ಚುಬಾಯಿಯ ಬ್ಲಾಗು

ಮನೆಯಿಂದ, ಮಹಡಿಯ ಕೋಣೆ
ಜುಲೈ ಹದಿನಾಲ್ಕು, ಬೆಳಗ್ಗೆ

ಪ್ರೀತಿಯ ಡಾಕ್ಟರಮ್ಮಾ,

ಹೇಗಿದ್ದೀಯ ಮಗಳೇ? ದವಡೆಯ ನೋವು ಇಳಿಯಿತೇ? ನಿದ್ದೆ ಬರುತ್ತಿದೆಯೇ? ನಿನ್ನ ಅಮ್ಮ ನಿನ್ನ ಕೈಗೆ ಒಂದು ಪಾತ್ರೆಯನ್ನೂ ಕೊಡದೆ ಮಲಗಿಸಿದ್ದಾರೆ ಎಂದುಕೊಂಡಿದ್ದೇನೆ. ಕೊಟ್ಟಿದ್ದರೆ ಬೀಗರು ಬೈಯುತ್ತಾರೆ ಎಂದು ಹೇಳು, ನನ್ನ ಮಾತಿಗೆ ಆ ಮನೆಯಲ್ಲಾದರೂ ಸ್ವಲ್ಪ ಬೆಲೆ ಇದ್ದೀತು. ನೀನು ಫೋನು ಆರಿಸಿಟ್ಟಿದ್ದೀಯ ಎಂದು ನಿನ್ನ ಗಂಡ ಗೊಣಗುತ್ತಿರುತ್ತಾನೆ. ನನಗೆ ಮಾತ್ರ ಅದೇ ಸಮಾಧಾನ. ಅದಕ್ಕೇ ಈ ಕಾಗದ. ಇದಕ್ಕೆ ಲೈಕ್ ಒತ್ತುವ ಹಾಗಿಲ್ಲ, ಉತ್ತರ ಬರೆಯಲೇಬೇಕೆಂದೂ ಇಲ್ಲ. ಓದಿ ದಿಂಬಿನ ಕೆಳಗಿಟ್ಟರೆ ಸಾಕು. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಕಂಡರೆ ಮಂಡಿ ತಕರಾರು ತೆಗೆಯುತ್ತದೆ. ಇನ್ನು ಬಾಯಿಯ ವಿಷಯ ನಿನಗೆ ಗೊತ್ತೇ ಇದೆ: ನೀನು ಮಾಡಿಸಿಕೊಟ್ಟ ಹಲ್ಲಿನ ಸೆಟ್ಟು ಲೋಟದಲ್ಲಿ, ನಾನು ಲೋಟದ ಹೊರಗೆ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನನಗೆ ಹಲ್ಲೂ ಇದೆ ಕಡಲೆಯೂ ಇದೆ, ಹಾಕಿಕೊಳ್ಳುವ ಉಮೇದೇ ಇಲ್ಲ.

ನೀನು ಹೊರಟ ದಿನ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ನೀನು ಕ್ಲಿನಿಕ್ಕು ಮುಚ್ಚಿ, ಕೋಟು ತೆಗೆದು, ವಿಡಿಯೋಗೆಂದು ಮತ್ತೆ ಅದೇ ಕೋಟು ಹಾಕಿಕೊಂಡು ದೀಪದ ಮುಂದೆ ಕುಳಿತಿದ್ದೆ. ಫೋನು ಹಿಡಿದಿದ್ದವನು ನಾನು. "ಹಲ್ಲುಜ್ಜುವಾಗ ಮಾಡುವ ತಪ್ಪುಗಳು" ಎಂದು ಶುರುಮಾಡಿ, ನಗುವ ಜಾಗಕ್ಕೆ ಬಂದಾಗ ನೀನು ನಿಲ್ಲಿಸಿಬಿಟ್ಟೆ. "ನಂಗೆ ನಗೋಕೆ ಆಗ್ತಿಲ್ಲ ಮಾವ, ದವಡೆ ನೋಯುತ್ತೆ" ಅಂದೆ. ಹಲ್ಲಿನ ಡಾಕ್ಟರಿಗೇ ನಕ್ಕೂ ನಕ್ಕೂ ದವಡೆ ನೋವು! ನಾನು ಆಗಲೂ ಫೋನು ಕೆಳಗಿಳಿಸಲಿಲ್ಲ, ಇನ್ನೊಂದು ಸಲ ಅನ್ನುತ್ತೀಯೇನೋ ಎಂದು ಕಾದೆ. ನೀನು ಎದ್ದು ಒಳಗೆ ಹೋಗಿ ಬಟ್ಟೆ ಜೋಡಿಸಿಕೊಂಡೆ.

ನಿನಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಆದರೂ ಮುದುಕನಿಗೆ ಮೊದಲಿನಿಂದ ಹೇಳಿದರೇ ಸಮಾಧಾನ. ಬೀದಿ ಮೂಲೆಗೆ ಆ ಗಾಜಿನ ಬಾಗಿಲಿನ ದೊಡ್ಡ ದಂತ ಆಸ್ಪತ್ರೆ ಬರುವವರೆಗೆ ಮನೆಯ ಕೆಳಗಿನ ನಮ್ಮ ಕ್ಲಿನಿಕ್ಕಿನ ಬೆಂಚು ಖಾಲಿ ಇದ್ದುದನ್ನು ನಾನು ನೋಡಿರಲಿಲ್ಲ. ಅದು ಬಂದ ಮೇಲೆ ನಿನ್ನ ಗಂಡ ಗಾಬರಿಯಾಗಿ ಆ ಪ್ರಚಾರದ ಹುಡುಗಿಯನ್ನು ಕರೆತಂದ. ಡಾಕ್ಟರು ಒಳ್ಳೆಯವರಾದರೆ ಸಾಲದು, ಒಳ್ಳೆಯವರು ಎಂದು ಊರಿಗೆಲ್ಲ ಕಾಣಬೇಕು ಎಂದಳು. ವಾರಕ್ಕೆ ಮೂರು ಬ್ಲಾಗು, ದಿನಕ್ಕೊಂದು ವಿಡಿಯೋ. ಇಡೀ ದಿನ ಬಗ್ಗಿ ಬೇರೆಯವರ ಬಾಯಿ ನೋಡುವ ನೀನು ಅದನ್ನೆಲ್ಲ ಎಲ್ಲಿಂದ ಬರೆಯುತ್ತೀ? ನೀನು ಹೇಳಿದ್ದನ್ನು ನಾನು ಬರೆದೆ. ಮುದ್ರಣಾಲಯದಲ್ಲಿ ಬೇರೆಯವರ ಕಾಗುಣಿತ ತಿದ್ದಿಯೇ ತಲೆ ನರೆತವನು, ಕೊನೆಗಾಲಕ್ಕೆ ನಾನೂ ಲೇಖಕನಾದೆ, ಅದೂ ಸೊಸೆಯ ಹೆಸರಿನಲ್ಲಿ. ಬಂದವರೆಲ್ಲ "ಎಷ್ಟು ಚೆನ್ನಾಗಿ ಬರೀತೀರ ಡಾಕ್ಟ್ರೇ" ಅಂದಾಗ ನೀನು ನನ್ನ ಕಡೆ ನೋಡಿ ತುಟಿ ಕಚ್ಚಿಕೊಳ್ಳುತ್ತಿದ್ದೆ. ಆ ದಿನಗಳು ಚೆನ್ನಾಗಿದ್ದವು.

ನೀನು ಹೋದ ಮೇಲೆ ಹೇಳಿಕೊಡುವವರು ಇಲ್ಲ. ನಿನ್ನ ಬದಲಿಗೆ ಬಂದಿರುವ ಡಾಕ್ಟರು ಒಳ್ಳೆಯ ಹುಡುಗ, ಆದರೆ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಕೆಲಸ ಮಾಡುತ್ತಾನೆ. ಪ್ರಚಾರದ ಹುಡುಗಿಯೇ ವಿಷಯ ಕೊಟ್ಟಳು. ನಾನು ಬರೆದದ್ದನ್ನು ಓದಿ, "ಅಂಕಲ್, ಇಷ್ಟೊಂದು 'ಇರಬಹುದು', 'ನೋಡೋಣ' ಎಲ್ಲ ಯಾಕೆ? ಡಾಕ್ಟರು ಅಂದ್ಮೇಲೆ ಅನುಮಾನ ಇರಬಾರದು. ಸ್ವಲ್ಪ ಹೆದರಿಸಿ, ಆಗ ಜನ ನಿಂತು ಓದ್ತಾರೆ" ಅಂದಳು. ಸರಿ, ಹೆದರಿಸಿದೆ. "ನಿಮ್ಮ ಬಾಯಿಯಲ್ಲೇ ಅಡಗಿರಬಹುದು ಸಾವು" ಎಂದು ತಲೆಬರಹ. ಅದರಲ್ಲಿದ್ದ "ಬಹುದು" ಕೂಡ ಅವಳಿಗೆ ಇಷ್ಟವಾಗಲಿಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಮಾಯದ ಹುಣ್ಣು, ನಾಲಗೆಯ ಗಂಟು, ಒಂದೊಂದಕ್ಕೂ ಕ್ಯಾನ್ಸರಿನ ಒಂದೊಂದು ಭಯಂಕರ ಸಾಲು. ಸುಳ್ಳು ಒಂದೂ ಇರಲಿಲ್ಲ ಮಗಳೇ, ಆದರೆ ಕರುಣೆಯೂ ಇರಲಿಲ್ಲ. ಬರೆದು ಮುಗಿಸಿದಾಗ ನನಗೆ ಹೆಮ್ಮೆಯೇ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ವಾಕ್ಯಗಳು ಚುರುಕಾಗಿದ್ದವು.

ಅದು ಕೈಯಿಂದ ಕೈಗೆ ಹೋಯಿತು. ಮರುವಾರ ನಮ್ಮ ಬೆಂಚು ತುಂಬಿ, ಅಡುಗೆಮನೆಯ ಕುರ್ಚಿಗಳೂ ಕೆಳಗೆ ಇಳಿದವು. ನಿನ್ನ ಗಂಡ ಕೆಲಸದಿಂದ ಬಂದವನೇ ಷೂ ಬಿಚ್ಚದೆ ಎಷ್ಟು ಜನ ಓದಿದರು ಎಂದು ನೋಡಿ, ಬಹಳ ದಿನಗಳ ಮೇಲೆ ಶಿಳ್ಳೆ ಹಾಕಿದ. ನಾನೂ ಪತ್ರಿಕೆ ಹಿಡಿದು ಮೂಲೆಯಲ್ಲಿ ಕುಳಿತು ನೋಡಿದೆ. ಯಾರೂ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಒಬ್ಬರು ನಾಲಗೆಯಿಂದ ಕೆನ್ನೆ ತಡವಿಕೊಳ್ಳುತ್ತಿದ್ದರು, ಇನ್ನೊಬ್ಬರು ಫೋನಿನ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಳ್ಳುತ್ತಿದ್ದರು. ನಿನ್ನ ಕಾಲದಲ್ಲಿ ಹಲ್ಲು ನೋವೆಂದು ಬರುತ್ತಿದ್ದ ಜನ ಇವರಾಗಿರಲಿಲ್ಲ. ನನ್ನ ಸಾಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದವರು.

ಅವರಲ್ಲಿ ಬಸ್ಸಿನ ಕಂಡಕ್ಟರ್ ಹೆಂಗಸೊಬ್ಬಳಿದ್ದಳು. ಸಮವಸ್ತ್ರದಲ್ಲೇ ಬಂದಿದ್ದಳು, ಬ್ಯಾಗು ತೊಡೆಯ ಮೇಲೆ. ಒಳಗೆ ಹೋದವಳು ಬೇಗನೆ ಹೊರಗೆ ಬಂದಳು. ಮುರಿದ ಹಲ್ಲಿನ ಅಂಚು ಕೆನ್ನೆಗೆ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತಂತೆ. ಡಾಕ್ಟರು ಅಂಚು ನಯಮಾಡಿ, ಎರಡು ವಾರ ಬಿಟ್ಟು ಬಂದು ತೋರಿಸಿ ಎಂದಿದ್ದ. ಅವಳು ಬೆಂಚಿನ ಮೇಲೆ ಕುಳಿತು ಅಳತೊಡಗಿದಳು. ನಾನು ನೀರು ಕೊಟ್ಟೆ. ಆ ಲೇಖನ ಓದಿದ ಮೇಲೆ ಅವಳಿಗೆ ಊಟ ಸೇರಿಲ್ಲ. ಗಂಡನಿಗೆ ಹೇಳಿಲ್ಲ. "ಮಗಳಿಗೆ ಅಡುಗೆ ಕಲಿಸೋಕೆ ಶುರು ಮಾಡಿಬಿಟ್ಟಿದ್ದೆ. ಬೀರು ಬೀಗದಕೈ ಎಲ್ಲಿಡ್ತೀನಿ ಅಂತ ತೋರಿಸಿದೆ. ಯಾಕಮ್ಮಾ ಇದೆಲ್ಲ ಈಗ ಅಂತ ಅವಳು ನಗ್ತಾ ಇದ್ಲು" ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಆ ಡಾಕ್ಟರಮ್ಮ ಎಲ್ಲಿದ್ದಾರೆ? ಬರೆಯೋವಾಗ ಯಾರನ್ನ ನೆನೆಸಿಕೊಂಡು ಬರೀತಾರೆ ಅಂತ ಒಂದು ಮಾತು ಕೇಳ್ಬೇಕು" ಅಂದಳು.

ಮಗಳೇ, ಮೈಮೇಲೆ ಬಿಸಿನೀರು ಚೆಲ್ಲಿದಂತಾಯಿತು. ಅವಳು ಕೇಳಿದ್ದು ನಿನ್ನನ್ನು. ಕಣ್ಣಲ್ಲಿ ಕಣ್ಣಿಟ್ಟು "ಭಯ ಬೇಡ" ಅನ್ನದೆ ಸೂಜಿಯನ್ನೂ ಮುಟ್ಟದ ನಿನ್ನನ್ನು. "ಬರೆದದ್ದು ಅವರಲ್ಲಮ್ಮ, ನಾನು" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಬಾಯಿಯ ಕಡೆ ನೋಡಿದಳು. "ನಿಮಗೆ ಹಲ್ಲೇ ಇಲ್ವಲ್ಲ ಯಜಮಾನ್ರೇ!" ಅಂದಳು. ಪಕ್ಕದವರು ನಕ್ಕರು, ಅವಳೂ ಅಳುತ್ತಲೇ ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಬ್ಯಾಗು ಹೆಗಲಿಗೇರಿಸಿ, "ಮುಂದಿನ ಸಲ ನಮ್ಮಂಥವರು ಓದ್ತೀವಿ ಅಂತ ನೆನಪಿರಲಿ" ಎಂದು ಹೇಳಿ ಹೋದಳು.

ಅಂದೇ ಪ್ರಚಾರದ ಹುಡುಗಿಯನ್ನು ಕರೆಸಿ ಆ ಲೇಖನ ತೆಗೆ ಎಂದೆ. ಜಗಳಕ್ಕೆ ಸಿದ್ಧನಾಗಿದ್ದೆ. ಅವಳು ಸ್ವಲ್ಪ ವಾದ ಮಾಡಿದಳು, ಆಮೇಲೆ ಬೆಂಚಿನ ಮೇಲೆ ಕುಸಿದು ಕುಳಿತು ಡಬ್ಬಿ ಬಿಚ್ಚಿದಳು. ಸಂಜೆಯಾಗಿತ್ತು, ಅದು ಮಧ್ಯಾಹ್ನದ ಊಟ. "ನನಗೂ ಸಾಕಾಗಿದೆ ಅಂಕಲ್. ಬೆಳಗ್ಗೆ ಮೂಳೆ ಡಾಕ್ಟರು, ಮಧ್ಯಾಹ್ನ ಹಲ್ಲು, ಸಂಜೆ ನಾಯಿಮರಿ ಆಸ್ಪತ್ರೆ. ಎಲ್ಲರಿಗೂ ನಾನೇ ತಜ್ಞೆ. ನನ್ನ ಬಾಯಲ್ಲಿ ಹುಣ್ಣಾಗಿದೆ, ಯಾರಿಗೆ ತೋರಿಸಲಿ ಅಂತ ಗೊತ್ತಿಲ್ಲ" ಅಂದಳು. ತೋರಿಸಲು ಹಲ್ಲಿನ ಆಸ್ಪತ್ರೆಯಲ್ಲೇ ಕೂತಿದ್ದೀಯಲ್ಲ ತಾಯಿ ಎಂದು ಒಳಗೆ ಕಳಿಸಿದೆ. ನಿದ್ದೆಗೆಟ್ಟದ್ದಕ್ಕೂ ಹೊತ್ತಿಗೆ ಸರಿಯಾಗಿ ಉಣ್ಣದ್ದಕ್ಕೂ ಆದದ್ದು ಇರಬಹುದಂತೆ. ನೋಡಿದೆಯಾ, "ಇರಬಹುದು" ಅಂದ ಡಾಕ್ಟರ ಮಾತಿಗೇ ಅವಳು ಸಮಾಧಾನವಾಗಿ ಹೊರಗೆ ಬಂದಳು.

ತೆಗೆದ ಜಾಗದಲ್ಲಿ ಬೇರೊಂದು ಬರೆದೆ. ಬದಲಿ ಡಾಕ್ಟರನ್ನು ಕೂರಿಸಿಕೊಂಡು ಪ್ರತಿ ಸಾಲನ್ನೂ ಕೇಳಿ ಬರೆದೆ. ಬಿಳಿ ಮಚ್ಚೆ ಕಂಡರೆ ತೋರಿಸಿಕೊಳ್ಳಿ, ತಡಮಾಡಬೇಡಿ. ಮುರಿದ ಹಲ್ಲಿನ ಅಂಚಿನಿಂದಲೂ ಹಾಗಾಗುತ್ತದೆ. ಬರುವ ಮುಂಚೆ ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಒಬ್ಬರೇ ಹೆದರಿಕೊಂಡು ಇರಬೇಡಿ. ನಮ್ಮ ಡಾಕ್ಟರು ಈಗ ರಜೆಯಲ್ಲಿದ್ದಾರೆ, ಈ ಪುಟದಲ್ಲಿ ಇದುವರೆಗಿನ ವಾಕ್ಯಗಳು ಅವರ ಮಾವನವು ಎಂದೂ ಸೇರಿಸಿದೆ. ನಿನ್ನನ್ನು ಕೇಳದೆ ಸೇರಿಸಿದ್ದು ತಪ್ಪಾದರೆ ಬಂದು ಕಿವಿ ಹಿಂಡು. ನಿನ್ನ ಗಂಡ ಎರಡು ದಿನ ಮಾತು ಬಿಟ್ಟ. "ಇಷ್ಟು ದಿನ ಕಟ್ಟಿದ್ದನ್ನೆಲ್ಲ ಒಂದೇ ಏಟಿಗೆ ಬೀಳಿಸಿದ್ರಿ ಅಪ್ಪ" ಅಂದ. ಅವನದೂ ತಪ್ಪಲ್ಲ, ನಿನ್ನ ಕ್ಲಿನಿಕ್ಕು ಉಳಿಯಲಿ ಎಂದೇ ಅವನ ಒದ್ದಾಟ. ಮೂರನೆಯ ದಿನ ಕಾಫಿ ತಂದುಕೊಟ್ಟು, "ಅವಳಿಗೆ ನೋವು ಇದೆ ಅಂತ ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದ. ನೀನು ಹೇಳಿದ್ದೆ ಕಣಮ್ಮ, ನಾವಿಬ್ಬರೂ ಆಗ ಎಷ್ಟು ಜನ ನೋಡಿದರು ಎಂದು ಎಣಿಸುತ್ತಿದ್ದೆವು.

ಹೊಸ ಲೇಖನವನ್ನು ಹೆಚ್ಚು ಜನ ಓದಲಿಲ್ಲ. ಅಡುಗೆಮನೆಯ ಕುರ್ಚಿಗಳು ಮೇಲೆ ಬಂದಿವೆ. ಕಂಡಕ್ಟರಮ್ಮ ಹೇಳಿದ ದಿನಕ್ಕೆ ಸರಿಯಾಗಿ ಬಂದು ತೋರಿಸಿಕೊಂಡು ಹೋದಳು, ಮಚ್ಚೆ ಹೋಗಿದೆ. ಜೊತೆಗೆ ಮಗಳನ್ನೂ ಕರೆತಂದಿದ್ದಳು, ಅವಳಿಗೆ ಹುಳುಕು ಹಲ್ಲು. ಹಳೆಯ ಕೆಲವರು ಬಾಗಿಲಲ್ಲೇ ನಿಂತು "ಡಾಕ್ಟರಮ್ಮ ಹುಷಾರಾ?" ಎಂದು ಕೇಳಿ, ಹಲ್ಲು ತೋರಿಸದೆಯೇ ಹೋಗುತ್ತಾರೆ. ಹುಷಾರಾಗ್ತಾರೆ ಅನ್ನುತ್ತೇನೆ. ಹೇಳಿ ಹೇಳಿ ನನಗೂ ಸಾಕಾಗಿದೆ ಮಗಳೇ. ಇಳಿವಯಸ್ಸಿನಲ್ಲಿ ಮೈಯ ದಣಿವು ಗೊತ್ತಿತ್ತು, ಮಾತಿನ ದಣಿವು ಹೊಸದು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಉಣ್ಣು, ಮನಸ್ಸಿಗೆ ಬಂದಾಗ ಏಳು. ನಿನ್ನ ಅತ್ತೆ ಇದ್ದಿದ್ದರೆ ನಿನ್ನ ತಲೆಯ ಮೇಲೆ ಕೈಯಿಟ್ಟು ಏನು ಹರಸುತ್ತಿದ್ದಳೋ ಅದೆಲ್ಲ ನಿನಗಿರಲಿ.

ಇಲ್ಲಿಂದ,
ನಿನ್ನ ಮಾವ

ಮರೆತಿದ್ದೆ: ಮರೆತದ್ದಲ್ಲ, ಬರೆಯಲು ಧೈರ್ಯ ಬರದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಗಾಜಿನ ಬಾಗಿಲಿನವರ ದೊಡ್ಡ ಡಾಕ್ಟರಮ್ಮ ಮೊನ್ನೆ ತಾವೇ ನಡೆದು ಬಂದಿದ್ದರು. ನಿನ್ನ ಕೈ ಕೆಲಸವನ್ನು ಅವರ ಹತ್ತಿರ ಹೋದ ನಮ್ಮ ರೋಗಿಗಳ ಬಾಯಲ್ಲಿ ನೋಡಿದ್ದಾರಂತೆ. ನಮ್ಮಲ್ಲಿಗೆ ಬಂದು ಸೇರಲಿ ಎಂದರು. "ಅವರು ಹಲ್ಲು ನೋಡ್ಲಿ ಸಾಕು, ವಿಡಿಯೋದಲ್ಲಿ ಮುಖ ತೋರಿಸೋಕೆ ನಮ್ಮಲ್ಲಿ ಬೇರೆ ಜನ ಇದ್ದಾರೆ" ಅಂದರು. ಸಂಜೆಯಾದರೆ ಮನೆಗೆ ಬರಬಹುದಂತೆ. ಮಗನಿಗೆ ಇನ್ನೂ ಹೇಳಿಲ್ಲ, ಅವಮಾನ ಅಂದುಕೊಳ್ಳುತ್ತಾನೆ. ನನಗೇನೂ ಅವಮಾನ ಇಲ್ಲ. ನಿನಗೆ ಬೇಡವೆನ್ನಿಸಿದರೆ ಬೇಡ, ನಮ್ಮ ಬೆಂಚು ಇಲ್ಲೇ ಇದೆ. ಬೇಕೆನ್ನಿಸಿದರೆ ಹೊರಗಿನ ಬೋರ್ಡು ಇಳಿಸುವ ದಿನ ಏಣಿ ನಾನು ಹಿಡಿಯುತ್ತೇನೆ. ಎರಡೂ ಬೇಡ, ಇನ್ನೂ ಸ್ವಲ್ಪ ದಿನ ಮಲಗಬೇಕು ಅನ್ನಿಸಿದರೆ, ಮಲಗು.