ಕೂಸಿನ ಬಣ್ಣ ಒಪ್ಪದ ಫೋನು

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಾ,

"ಮಗು ನನ್ನ ಬಣ್ಣ ತಗೊಂಡ್ರೆ ನನ್ನ ಬೈಬೇಡಿ" ಎಂದೋ ಏನೋ ಹಡಗು ಹತ್ತುವ ಮುಂಚೆ ಅಂದಿದ್ದೆಯಲ್ಲ, ತಗೊಂಡಿದೆ. ಹೆಣ್ಣು ಮಗು. ನಿನ್ನ ಬಣ್ಣ, ನಿನ್ನ ಹೆಂಡತಿಯ ಮೂಗು. ನೀನು ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಇಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯಲು ಮರೆಯಬೇಡ. ಹಡಗಿಗೆ ಫೋನು ಸಿಗುವುದಿಲ್ಲವಾದ್ದರಿಂದ ಇದನ್ನು ನಿನ್ನ ಮುಂದಿನ ಬಂದರಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಈಗ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಈಗ ಎಂದದ್ದಕ್ಕೆ ಕಾರಣವಿದೆ. ಈ ದೇಶದಲ್ಲಿ ಹೆರಿಗೆಯಾದ ಮಾರನೆಯ ದಿನವೇ ಮನೆಗೆ ಕಳಿಸಿಬಿಡುತ್ತಾರೆ. ಕಾಮಾಲೆ ಇದೆಯೇ ಎಂದು ನೋಡಲು ಫೋನಿಗೆ ಒಂದು ಆ್ಯಪ್ ಹಾಕಿಕೊಡುತ್ತಾರೆ. ದಿನಾ ಕೂಸಿನ ಮುಖ, ಎದೆ ಕಾಣುವಂತೆ ಫೋಟೊ ತೆಗೆಯಬೇಕು. ಅದಕ್ಕೆ ಮೊದಲು ಮೈಬಣ್ಣ ಯಾವುದೆಂದು ಒಂದು ಸಾಲು ಚೌಕಗಳಲ್ಲಿ ಆರಿಸಬೇಕು. ಸಾಲಿನ ತುಂಬ ಹಾಲು, ಕೆನೆ, ಬೆಣ್ಣೆ. ನಮ್ಮಂಥವರಿಗೆಲ್ಲ ಸೇರಿ ತುದಿಯಲ್ಲಿ ಒಂದೇ ಕಂದು ಚೌಕ. ಅದನ್ನೊತ್ತಿದರೆ ಪ್ರತಿ ಸಲವೂ ಬೆಳಕು ಸಾಲದು, ಮತ್ತೆ ತೆಗೆಯಿರಿ ಎನ್ನುತ್ತಿತ್ತು. ಕಿಟಕಿಯ ಬಳಿ ತೆಗೆದೆವು, ಎಲ್ಲ ದೀಪ ಹಾಕಿ ತೆಗೆದೆವು. ಕೂಸು ಚಳಿಗೆ ಕಿರುಚಿತು. ಕೊನೆಗೆ ನಿನ್ನ ಹೆಂಡತಿ, "ಎಣ್ಣೆಗೆಂಪು ಅಂತ ಒತ್ತಿಬಿಡೋಣ ಅತ್ತಿಗೆ, ನಮ್ಮಮ್ಮ ಊರಲ್ಲಿ ಎಲ್ಲರ ಹತ್ರ ಕೂಸಿನ ಬಣ್ಣ ಹಾಗೇ ತಾನೇ ಹೇಳ್ಕೊಂಡು ಬರ್ತಿರೋದು" ಎಂದಳು. ಕಂದಿನ ಪಕ್ಕದ ಬೆಣ್ಣೆ ಚೌಕ ಒತ್ತಿದೆವು. ತಕ್ಷಣ ಕಾಮಾಲೆ ಇಲ್ಲವೆಂಬ ಹಸಿರು ಗುರುತು ಬಂತು. "ಒಂದೇ ಬೆರಳಿಗೆ ಬೆಳ್ಳಗಾದ್ಳು ನೋಡು" ಎಂದು ನಾನು ನಕ್ಕೆ. ಅವಳೂ ಹೆರಿಗೆಯ ಹೊಲಿಗೆ ಹಿಡಿದುಕೊಂಡು ನಕ್ಕಳು.

ಹಸಿರು ದಿನಾ ಬರುತ್ತಿತ್ತು. ಕೂಸು ಮಾತ್ರ ಹಾಲಿಗೆ ಏಳುತ್ತಿರಲಿಲ್ಲ. ಅಂಗಾಲಿಗೆ ಕಚಗುಳಿ ಇಟ್ಟರೂ ಎರಡು ಗುಟುಕಿಗೆ ನಿದ್ದೆ. "ಒಳ್ಳೇ ಕೂಸು, ಅಳೋದೇ ಇಲ್ಲ" ಎಂದು ನಾವೇ ಹೊಗಳಿಕೊಂಡೆವು. ಒಂದು ಬೆಳಿಗ್ಗೆ ಅದು ಕಣ್ಣು ಬಿಟ್ಟಾಗ ಬಿಳಿ ಇರಬೇಕಾದ ಜಾಗವೆಲ್ಲ ಹಳದಿ. ಆಸ್ಪತ್ರೆಗೆ ಫೋನು ಮಾಡಿದರೆ, ಆ್ಯಪಿನಲ್ಲಿ ಹಸಿರಿದೆ, ಬರಬೇಕಾಗಿಲ್ಲ ಎಂದರು. ಹೋದೆವು. ನರ್ಸು ಮೊದಲು ಫೋನು ನೋಡಿದಳು, ಆಮೇಲೆ ಕೂಸಿನ ಒಸಡು ಒತ್ತಿ ನೋಡಿದಳು, ಆಮೇಲೆ ಕೂಸನ್ನೆತ್ತಿಕೊಂಡು ಒಳಗೆ ಓಡಿದಳು. ಹಿಮ್ಮಡಿಯಿಂದ ರಕ್ತ ತೆಗೆದು ನೀಲಿ ದೀಪದ ಕೆಳಗೆ ಮಲಗಿಸಿದರು. ಇನ್ನೂ ತಡವಾಗಿದ್ದರೆ ಕಾಮಾಲೆ ಮಿದುಳಿಗೆ ಏರುತ್ತಿತ್ತಂತೆ, ಕಿವಿ ಹೋಗಬಹುದಿತ್ತಂತೆ. ಡಾಕ್ಟರು ಬಣ್ಣ ಯಾಕೆ ತಪ್ಪು ಒತ್ತಿದಿರಿ ಎಂದು ಕೇಳಿದರು. "ಸರಿಯಾಗಿ ಒತ್ತಿದ್ರೆ ನೋಡೋದೇ ಇಲ್ಲ ಅನ್ನುತ್ತಲ್ಲ ನಿಮ್ಮ ಫೋನು, ಏನು ಮಾಡ್ಲಿ?" ಎಂದಳು ನಿನ್ನ ಹೆಂಡತಿ. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

ಮೊನ್ನೆ ಮನೆಗೆ ಬಂದೆವು. ಈಗ ಹಾಲಿಗೆ ಊರು ಕೇಳುವ ಹಾಗೆ ಅಳುತ್ತಾಳೆ. ನಿನ್ನ ಹೆಂಡತಿ ಬೇರೆ ಬರೆಯುತ್ತಾಳಂತೆ. ಮೈ ನೋಡಿಕೋ, ಒಳ್ಳೆಯದಾಗಲಿ.

ನಿನ್ನ
ಅಕ್ಕ

ಮರೆತೆ. ಆಸ್ಪತ್ರೆಯಿಂದ ಸುದ್ದಿ ಹೋಗಿ ಆ್ಯಪಿನವರು ನಿನ್ನೆ ಫೋನು ಮಾಡಿದ್ದರು. ಕೂಸಿನ ಫೋಟೊಗಳನ್ನೆಲ್ಲ, ಹಳದಿಯಾಗಿದ್ದ ದಿನಗಳದ್ದನ್ನೂ ಸೇರಿಸಿ ಕೊಟ್ಟರೆ ಯಂತ್ರಕ್ಕೆ ಇಂಥ ಬಣ್ಣ ನೋಡಲು ಕಲಿಸುತ್ತಾರಂತೆ. ತಂದೆ ತಾಯಿ ಇಬ್ಬರೂ ಒಪ್ಪಬೇಕು. ಕೆಳಗಿನ ಮನೆಯವಳು ನಮ್ಮ ಬಣ್ಣದವಳೇ, ಮುಂದಿನ ತಿಂಗಳು ಹೆರುತ್ತಾಳೆ. ಹಾಗಾಗಿ ಕೊಡೋಣ ಎನ್ನುತ್ತೇನೆ ನಾನು. ನಿನ್ನ ಹೆಂಡತಿ "ಅವಳಪ್ಪನೇ ಇನ್ನೂ ನೋಡಿಲ್ಲ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ನೀನಿನ್ನೂ ನೋಡದ ಮುಖವನ್ನು ಅವರಿಗೆ ಕೊಟ್ಟುಬಿಡಲೇ?