ಮಂಜುಷಾಳ ಓದಿನ ಹೆಸರಿನಲ್ಲಿ

ಸುಜಯೀಂದ್ರ,

ಕಮಲಾಪುರಕ್ಕೆ ಡ್ಯೂಟಿಗೆ ಹೊರಟಿದ್ದೇನೆ. ರೊಟ್ಟಿ ಡಬ್ಬಿಯಲ್ಲಿದೆ, ಪುಂಡಿಪಲ್ಯ ಬಿಸಿ ಮಾಡಿಕೊ.

ನಿನ್ನ ಅಣ್ಣ ಇದ್ದಾಗ ಮನೆಯ ಲೆಕ್ಕದ ಸಾಫ್ಟ್‌ವೇರಿನಲ್ಲಿ ಮಗಳು ಮಂಜುಷಾಳ ಓದಿನ ಖಾತೆಗೆ ಹಣ ಕಳಿಸುವ ಸೂಚನೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು. ಸಂಬಳ ಬಂದಾಗ ಮೊದಲು ಅದಕ್ಕೇ ಹಣ ಹೋಗಲಿ ಎಂದು. ಈಗ ಅದು ಎಲ್ಲಕ್ಕಿಂತ ಕೆಳಗಿದೆ. ಮೇಲೆ ನಿನ್ನ ಪ್ಲಾಟಿನ ಕಂತಿನ ಖಾತೆಗೆ ಹಣ ಹೋಗುವ ಸೂಚನೆ ಇದೆ.

ನಾನು ಕೇಳಿದರೆ ನೀನು, "ನಾ ಮುಟ್ಟೇ ಇಲ್ಲ ವೈನಿ, ಅದು ತಾನೇ ಹಿಂಗ ಆಗ್ಯಾದ" ಎಂದು ನಕ್ಕೆ. ಆದರೆ ಆ ಪ್ಲಾಟಿನ ಸೂಚನೆಯ ಹೆಸರೂ "ಮಂಜುಷಾಳ ಓದು" ಎಂದೇ ಇದೆ. ಅವಳದನ್ನೇ ನಕಲು ಮಾಡಿ ನೀನು ಖಾತೆ ಬದಲಿಸಿದ್ದೀಯ. ಹೆಸರು ಬದಲಿಸಲು ಮರೆತಿದ್ದೀಯ.

ಕ್ರಮ ಸರಿ ಮಾಡಿ ಪಾಸ್‌ವರ್ಡ್ ಬದಲಿಸಿದ್ದೇನೆ.

ಮಂಜುಷಾಳನ್ನು ಶಾಲೆಯಿಂದ ಕರೆತರಲು ಇವತ್ತಿನಿಂದ ನೀನು ಹೋಗುವುದು ಬೇಡ. ಪಕ್ಕದ ಮನೆಯವರಿಗೆ ಹೇಳಿದ್ದೇನೆ.

— ವೈನಿ